ಕೆಮಿಸ್ಟ್ರಿಗೆ ಫ್ಲಿಪ್ಡ್ ಕ್ಲಾಸ್‌ರೂಮ್: ಮಾಡಿ ನೋಡಿದವರು ಹೇಳಿ

ಹೊಸನಗರ ಕಡೆಯಿಂದ ಪ್ರಶ್ನೆ:
ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀನಿ. ಬಿಎಸ್ಸಿ ಮೊದಲ ವರ್ಷ, 54 ಮಕ್ಕಳು. ಪಾಠದ ವಿಡಿಯೋ ಮೊದಲೇ ಕಳಿಸಿ, ಕ್ಲಾಸಿನಲ್ಲಿ ಲೆಕ್ಕ, ಚರ್ಚೆ ಮಾಡಿಸೋಣ ಅಂತ ಹೊರಟೆ. ಮೂರು ವಾರವಾಯ್ತು, ಅರ್ಧಕ್ಕರ್ಧ ಮಕ್ಕಳು ನೋಡದೇ ಬರ್ತಾರೆ. ಕೊನೆಗೆ ಬೋರ್ಡಿನ ಮೇಲೆ ಅದೇ ಪಾಠ ಮತ್ತೆ ಮಾಡ್ತೀನಿ. ಬಿಟ್ಟುಬಿಡಲೋ, ಬೇರೆ ದಾರಿ ಇದೆಯೋ?

ತೀರ್ಥಹಳ್ಳಿಯಿಂದ:
ಬಿಡಬೇಡಿ ಮೇಡಂ. ನಾನೂ ಅಲ್ಲೇ ಎಡವಿದ್ದೆ. ನೋಡದವರಿಗೋಸ್ಕರ ಪಾಠ ಮತ್ತೆ ಮಾಡಿದರೆ, ನೋಡಿಕೊಂಡು ಬಂದವರೂ ಮುಂದಿನ ವಾರ ನೋಡಲ್ಲ. ಯಾಕೆ ನೋಡಲ್ಲ ಅಂತ ಮಕ್ಕಳನ್ನೇ ಕೂರಿಸಿ ಕೇಳಿದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲ, ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು, ಸುಗ್ಗಿಯಲ್ಲಿ ರಾತ್ರಿ ಹತ್ತರವರೆಗೂ ಅಡಿಕೆ ಸುಲಿಯೋದು. 40 ನಿಮಿಷದ ವಿಡಿಯೋ ಯಾವಾಗ ನೋಡ್ತಾರೆ ಮಾರಾಯ್ರೆ! ಈಗ 8 ನಿಮಿಷ ಮೀರಲ್ಲ. ಸಂಜೆ ಬಸ್ಸಿಗೆ ಮುಂಚೆ ಕಾಲೇಜಿನಲ್ಲೇ ಮೊಬೈಲಿಗೆ ಹಾಕಿಕೊಡ್ತೀನಿ, ಜೊತೆಗೆ ಮೂರು ಪ್ರಶ್ನೆ ಇರುವ ಒಂದು ಜೆರಾಕ್ಸ್ ಹಾಳೆ. ಮರುದಿನ ಮೊದಲ ಐದು ನಿಮಿಷ ಚೀಟಿಯಲ್ಲಿ ಒಂದು ಉತ್ತರ ಬರೆಯಬೇಕು, ಅದಕ್ಕೆ ಇಂಟರ್ನಲ್ಸಿನಲ್ಲಿ ಚೂರು ಅಂಕ. ಓದದವರು ಹಿಂದಿನ ಬೆಂಚಿನಲ್ಲಿ ಹಾಳೆ ಓದಿ ಗುಂಪಿಗೆ ಸೇರಬೇಕು.

ಆದರೆ ನಿಜವಾದ ಬದಲಾವಣೆ ಬಂದಿದ್ದು ಕ್ಲಾಸಿನ ಪ್ರಶ್ನೆಯಿಂದ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದನ್ನು ನೋಡದ ಮಕ್ಕಳು ನಮ್ಮಲ್ಲಿ ಕಡಿಮೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಮೋಲ್ ಲೆಕ್ಕ ಮನೆಯಲ್ಲಿ ಓದಿ ಬಂದ ಮೇಲೆ ಕೇಳಿದೆ: ಇಷ್ಟು ಮೈಲುತುತ್ತಕ್ಕೆ ಸುಟ್ಟ ಸುಣ್ಣ ಎಷ್ಟು ಸಾಕು? 1000 ಗ್ರಾಂ ಅಂದರೆ ಸುಮಾರು 4 ಮೋಲ್, ಸುಣ್ಣವೂ ಅಷ್ಟೇ ಮೋಲ್, ಮೋಲಿಗೆ 56 ಗ್ರಾಂ ಲೆಕ್ಕದಲ್ಲಿ 224 ಗ್ರಾಂ. "ಹಂಗಾದ್ರೆ ಅಪ್ಪ ಒಂದು ಕೆಜಿ ಯಾಕೆ ಹಾಕ್ತಾರೆ?" ಅಂತ ಒಬ್ಬ ಕೇಳಿದ್ದೇ ತಡ, ಕ್ಲಾಸೇ ಎದ್ದಿತು. ಮೊದಲು ಒಬ್ಬೊಬ್ಬರೇ ಬರೆದರು, ಆಮೇಲೆ ಮೂರು ಮೂರು ಜನ ವಾದ ಮಾಡಿದರು. "ಗಾಳಿ ಹೊಡೆದ ಸುಣ್ಣಕ್ಕೆ ಶಕ್ತಿ ಇರಲ್ಲ ಸರ್" ಅಂದಳು ಒಬ್ಬಳು. ಅದೇ ಕ್ಯಾಲ್ಸಿಯಂ ಕಾರ್ಬೊನೇಟ್! ತಾಮ್ರದ ಅಯಾನ್ ಉಳಿದರೆ ಎಲೆ ಸುಡುತ್ತೆ ಅಂದ ಇನ್ನೊಬ್ಬ. ಸುಣ್ಣ ಕಡಿಮೆ ಹಾಕಿದ ದ್ರಾವಣಕ್ಕೆ ಉಜ್ಜಿದ ಕತ್ತಿ ಅದ್ದಿ ತೆಗೆದೆ. ಅಲಗಿನ ಮೇಲೆ ಕೆಂಪು ಪದರ. ಎಲೆಕ್ಟ್ರೋಡ್ ಪೊಟೆನ್ಷಿಯಲ್ ತಾಮ್ರಕ್ಕೆ +0.34, ಕಬ್ಬಿಣಕ್ಕೆ -0.44 ವೋಲ್ಟ್ ಅಂತ ಬೋರ್ಡಿನ ಮೇಲೆ ಬರೆಯುವಾಗ ಅದು ಯಾರಿಗೂ ಹೊಸ ಪಾಠ ಅನ್ನಿಸಲಿಲ್ಲ. ಹೀಗೆ ಒಬ್ಬೊಬ್ಬರೇ ಯೋಚಿಸಿ, ವಾದಿಸಿ, ಮತ್ತೆ ಉತ್ತರ ಕೊಡುವ ಕ್ರಮವನ್ನು ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬೆಳೆಸಿಕೊಂಡು ಬಂದವರು.

ಸಾಗರದಿಂದ:
ಲ್ಯಾಬಿನಿಂದ ಶುರು ಮಾಡಿ. ಬ್ಯುರೆಟ್ (ದ್ರಾವಣ ಅಳೆಯುವ ಗಾಜಿನ ಕೊಳವೆ) ಓದೋದು, ಎಂಡ್ ಪಾಯಿಂಟಿನ ಬಣ್ಣ, ಇಷ್ಟೇ ನಾಲ್ಕು ನಿಮಿಷ ನನ್ನ ಮೊಬೈಲಿನಲ್ಲೇ ತೆಗೆದಿದ್ದು. ಮೊದಲ ಅರ್ಧ ಗಂಟೆ ಉಳಿಯುತ್ತೆ.

ಶಿವಮೊಗ್ಗದಿಂದ, ಈಗ ಎಂಎಸ್ಸಿ ಓದ್ತಿರುವವಳು:
ನಾನು ಪಿಯುಸಿವರೆಗೂ ಕನ್ನಡ ಮಾಧ್ಯಮ. ಈಕ್ವಿಲಿಬ್ರಿಯಂ ವಿಡಿಯೋ ಮೂರು ಸಲ ನಿಲ್ಲಿಸಿ ನಿಲ್ಲಿಸಿ ಕೇಳಿದ ಮೇಲೇ ಧೈರ್ಯ ಬಂದಿದ್ದು. ಗುಂಪಿನಲ್ಲಿ ಕನ್ನಡದಲ್ಲೇ ಮಾತಾಡಿ, ಉತ್ತರ ಇಂಗ್ಲಿಷಿನಲ್ಲಿ ಬರೆಯೋಕೆ ನಮ್ಮ ಸರ್ ಬಿಟ್ಟಿದ್ದರು. ದಯವಿಟ್ಟು ನೀವೂ ಇದಕ್ಕೆ ಅವಕಾಶ ಕೊಡಿ ಮೇಡಂ. ಜೊತೆಗೆ ಉತ್ತರ ಹೇಳುವವರನ್ನು ಬದಲಾಯಿಸ್ತಾ ಇರಿ. ಇಲ್ಲದಿದ್ದರೆ ಮೊದಲ ಬೆಂಚಿನ ಇಬ್ಬರೇ ಮಾತಾಡ್ತಾರೆ, ನನ್ನಂಥವರು ಬಾಯಿ ಬಿಡಲ್ಲ.

ಕೊಪ್ಪದಿಂದ:
"ಸರ್ ಪಾಠವೇ ಮಾಡಲ್ಲ" ಅಂತ ಮಕ್ಕಳು ದೂರು ಹೇಳಿದ್ದು ನನಗೂ ಆಗಿದೆ. 2019ರಲ್ಲಿ ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲೂ ಇದೇ ಕಂಡಿತ್ತು: ಚಟುವಟಿಕೆಯ ತರಗತಿಯಲ್ಲಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ತಿಳಿದಿದ್ದರು, ಆದರೆ ಕಡಿಮೆ ಕಲಿತೆವು ಅಂದುಕೊಂಡಿದ್ದರು. ಮೊದಲ ವಾರವೇ ಮಕ್ಕಳಿಗೆ ಇದನ್ನು ಹೇಳಿಬಿಡಿ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಕೇಳಿದರೆ 2014ರ ಅಮೆರಿಕದ ವರದಿ ತೋರಿಸಿ. 225 ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ಚಟುವಟಿಕೆಯ ತರಗತಿಗೆ ಹೋಲಿಸಿದರೆ ಬರೀ ಉಪನ್ಯಾಸದ ತರಗತಿಯಲ್ಲಿ ಫೇಲ್ ಆಗುವ ಸಾಧ್ಯತೆ ಒಂದೂವರೆ ಪಟ್ಟು.

ಇಡೀ ಸಿಲಬಸ್ ತಿರುಗಿಸಬೇಡಿ. ಸೆಮಿಸ್ಟರಿಗೆ ಒಂದೇ ಯೂನಿಟ್, ಅದೂ ಲೆಕ್ಕವೋ ವಾದವೋ ಇರುವಂಥದ್ದು. ಬರೀ ನೆನಪಿಡುವ ಭಾಗಕ್ಕೆ ಇದು ದಂಡ. ಅಂದಹಾಗೆ, ಫ್ಲಿಪ್ಡ್ ಕ್ಲಾಸ್‌ರೂಮನ್ನು ಜನಪ್ರಿಯ ಮಾಡಿದ ಅಮೆರಿಕದ ಕೊಲೊರಾಡೋದ ಬರ್ಗ್‌ಮನ್ ಮತ್ತು ಸ್ಯಾಮ್ಸ್ ಇಬ್ಬರೂ ಕೆಮಿಸ್ಟ್ರಿ ಮೇಷ್ಟ್ರುಗಳೇ. 2007ರ ಸುಮಾರಿಗೆ ಪಾಠ ರೆಕಾರ್ಡ್ ಮಾಡೋಕೆ ಶುರು ಮಾಡಿದ್ದು ಕ್ಲಾಸ್ ತಪ್ಪಿಸಿಕೊಂಡ ಮಕ್ಕಳಿಗಾಗಿ. ನಮ್ಮ ಮಳೆ ರಜೆಗೂ ಇದೇ ಬೇಕು.

ಹೊಸನಗರ, ಕೇಳಿದವರು:
ಎಲ್ಲರಿಗೂ ವಂದನೆ. ಎಲೆಕ್ಟ್ರೋಕೆಮಿಸ್ಟ್ರಿ ಒಂದೇ ಯೂನಿಟ್ ಹಿಡೀತೀನಿ. ಹಾಳೆ ಇವತ್ತೇ ಬರೆಯೋಕೆ ಕೂತೆ. ತೀರ್ಥಹಳ್ಳಿ ಸರ್, ಕತ್ತಿ ಅದ್ದಿ ಎಷ್ಟು ನಿಮಿಷ ಬಿಟ್ಟಿರಿ?