ನನ್ನ ಲ್ಯಾಪ್‌ಟಾಪಲ್ಲಿ ಪಾಸ್, ಸಿಐನಲ್ಲಿ ಟೈಮ್‌ಔಟ್

ಪ್ರಶ್ನೆ:
ಪ್ಲೇರೈಟ್‌ನಲ್ಲಿ (ಬ್ರೌಸರ್ ತಾನಾಗಿ ಓಡಿಸಿ ವೆಬ್‌ಸೈಟ್ ಪರೀಕ್ಷಿಸುವ ಸಾಧನ) ಬರೆದ 140 ಟೆಸ್ಟ್ ಇವೆ. ನನ್ನ ಲ್ಯಾಪ್‌ಟಾಪಲ್ಲಿ ಎಲ್ಲವೂ ಪಾಸ್. ಸಿಐನಲ್ಲಿ (ಕೋಡ್ ಬದಲಾದಾಗ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಓಡಿಸಿದರೆ ಒಂದಲ್ಲ ಒಂದು ಬೀಳುತ್ತದೆ, ಅದೂ ಪ್ರತಿ ಸಲ ಬೇರೆ ಬೇರೆ. 30 ಸೆಕೆಂಡಿನ ಟೈಮ್‌ಔಟನ್ನು 60ಕ್ಕೆ ಏರಿಸಿದೆ, ಆಮೇಲೆ 90ಕ್ಕೆ. ಬೀಳುವುದು ನಿಲ್ಲಲಿಲ್ಲ, ಬೀಳೋಕೆ ಹಿಡಿಯುವ ಹೊತ್ತು ಜಾಸ್ತಿ ಆಯಿತು ಅಷ್ಟೇ. ತಂಡದವರು ಈಗ ಕೆಂಪು ಕಂಡರೂ ಸುಮ್ನೆ ಮತ್ತೆ ಓಡಿಸುತ್ತಾರೆ. ನನಗೆ ಅದೇ ಭಯ. ಎಲ್ಲಿಂದ ಹುಡುಕಲಿ?

ಉತ್ತರ 1:
ಮೊದಲು ವಾಪಸ್ 30ಕ್ಕೇ ಇಳಿಸಿ. ರೀಟ್ರೈ (ಬಿದ್ದ ಟೆಸ್ಟನ್ನು ಮತ್ತೆ ಓಡಿಸುವುದು) 1 ಇಟ್ಟು, ಮೊದಲ ರೀಟ್ರೈಗೆ ಟ್ರೇಸ್ (ಟೆಸ್ಟಿನ ಪ್ರತಿ ಹೆಜ್ಜೆಯ ದಾಖಲೆ) ಆನ್ ಮಾಡಿ. ನಮ್ಮಲ್ಲಿ ಸೇವ್ ಬಟನ್ ಚೆನ್ನಾಗಿ ಕಾಣುತ್ತಿತ್ತು, ಕ್ಲಿಕ್ ಮಾತ್ರ ಆಗುತ್ತಿರಲಿಲ್ಲ. ಟ್ರೇಸ್ ತೆರೆದು ಒಂದೊಂದೇ ಹೆಜ್ಜೆ ನೋಡಿದಾಗ ಸಿಕ್ಕಿತು: ಲೋಡಿಂಗ್ ಪರದೆ ಪಾರದರ್ಶಕವಾಗಿ ಬಟನ್ ಮೇಲೇ ಕೂತಿತ್ತು. ಬಟನ್ ಕಾಣುತ್ತಿದೆಯಾ, ಅಲುಗಾಡದೆ ನಿಂತಿದೆಯಾ, ಕ್ಲಿಕ್ ಅದಕ್ಕೇ ತಲುಪುತ್ತದಾ ಅಂತ ಪ್ಲೇರೈಟ್ ಮೊದಲು ನೋಡುತ್ತದೆ. ಅಡ್ಡ ಏನಾದರೂ ಇದ್ದರೆ ಕಾಯುತ್ತಲೇ ಇರುತ್ತದೆ. ದಯವಿಟ್ಟು ಈ ತಪಾಸಣೆ ಬಿಟ್ಟು ಕ್ಲಿಕ್ ಮಾಡಿಸುವ ಫೋರ್ಸ್ ಹಾಕಬೇಡಿ. ಆ ಪರದೆ ಬಳಕೆದಾರರಿಗೂ ಅಡ್ಡ ಬರುತ್ತದೆ ಅಲ್ವಾ?

ನೆಟ್‌ವರ್ಕ್‌ಐಡಲ್‌ಗೆ (ನೆಟ್‌ವರ್ಕ್ ಸುಮ್ಮನಾಗುವ ಹೊತ್ತಿಗೆ) ಕಾಯುವ ಸಾಲುಗಳಿದ್ದರೆ ತೆಗೆಯಿರಿ. ಪೇಜ್ ಹಿಂದೆ ಪೋಲಿಂಗ್ (ಸರ್ವರನ್ನು ಮತ್ತೆ ಮತ್ತೆ ಕೇಳುವುದು) ಬಿಡದೆ ನಡೆಯುತ್ತಿದ್ದರೆ ನೆಟ್‌ವರ್ಕ್ ಸುಮ್ಮನಾಗದೇ ಇರಬಹುದು.

ಉತ್ತರ 2:
ಡಾಕರ್ (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಂಥ ಪರಿಸರದಲ್ಲಿ ಓಡಿಸುವ ಸಾಧನ) ಒಳಗೆ ಓಡಿಸುತ್ತೀರಾ? ಅಲ್ಲಿ ಹಂಚಿಕೆಯ ಮೆಮರಿ ಡೀಫಾಲ್ಟ್ ಆಗಿ 64 ಎಂಬಿ ಮಾತ್ರ. ಕ್ರೋಮಿಯಂ ಬ್ರೌಸರ್‌ಗೆ ಅದು ಸಾಲದೆ ಕ್ರ್ಯಾಶ್ ಆಗಬಹುದು. ಹೋಸ್ಟ್ ಮಶೀನಿನ ಹಂಚಿಕೆಯ ಮೆಮರಿಯನ್ನೇ ಬಳಸಲು ಡಾಕರ್‌ನ ಐಪಿಸಿಯನ್ನು ಹೋಸ್ಟ್ ಅಂತ ಕೊಡಿ. ವರ್ಕರ್ (ಒಟ್ಟಿಗೆ ಟೆಸ್ಟ್ ಓಡಿಸುವ ಪ್ರೋಸೆಸ್‌ಗಳು) 1ಕ್ಕೆ ಇಳಿಸಿಯೂ ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು:
ಟ್ರೇಸಲ್ಲೇ ಸಿಕ್ಕಿತು! ಬಿದ್ದ ಟೆಸ್ಟ್‌ಗಳೆಲ್ಲ ಒಂದೇ ಹೆಲ್ಪರ್ (ಹಲವು ಟೆಸ್ಟ್ ಹಂಚಿಕೊಳ್ಳುವ ಫಂಕ್ಷನ್) ಕರೆಯುತ್ತಿದ್ದವು. ಅದರಲ್ಲಿ ಮೊದಲು ಕ್ಲಿಕ್, ಆಮೇಲೆ ವೇಟ್‌ಫಾರ್‌ರೆಸ್ಪಾನ್ಸ್ (ಸರ್ವರ್‌ನ ಉತ್ತರಕ್ಕೆ ಕಾಯುವ ಸಾಲು). ಸಿಐನಲ್ಲಿ ಸರ್ವರ್ ಅದೇ ಮಶೀನಲ್ಲಿದೆ, ಕೆಲವು ಸಲ ನಾವು ಕಾಯಲು ಶುರು ಮಾಡುವ ಮೊದಲೇ ಉತ್ತರ ಬಂದು ಹೋಗಿರುತ್ತಿತ್ತು. ಬಂದು ಹೋದದ್ದಕ್ಕೆ 90 ಸೆಕೆಂಡ್ ಕಾದರೂ ಏನು ಬರುತ್ತದೆ? ನಿಧಾನ ಅಂತ ಇಷ್ಟು ದಿನ ಬೈದುಕೊಂಡಿದ್ದೆ, ನಿಜಕ್ಕೂ ಅದು ಬೇಗ ಆಗಿದ್ದೇ ತೊಂದರೆ.

ಈಗ ವೇಟ್‌ಫಾರ್‌ರೆಸ್ಪಾನ್ಸ್ ಸಾಲನ್ನು ಅವೈಟ್ (ಮುಗಿಯುವ ತನಕ ತಡೆದು ನಿಲ್ಲಿಸುವ ಪದ) ಇಲ್ಲದೆ ಕ್ಲಿಕ್‌ಗಿಂತ ಮೇಲೆ ಬರೆದು, ಕ್ಲಿಕ್ ಆದ ಮೇಲೆ ಅದನ್ನು ಅವೈಟ್ ಮಾಡುತ್ತೇನೆ. ಆ ಹೆಲ್ಪರ್ ಬಳಸುವ ಟೆಸ್ಟ್‌ಗಳನ್ನು ಸಿಐನಲ್ಲಿ ತಲಾ 20 ಸಲ ಓಡಿಸಿದೆ. ಒಂದೂ ಬೀಳಲಿಲ್ಲ. ಟೈಮ್‌ಔಟ್ 30ಕ್ಕೆ ಇಳಿಸಿದ್ದೇನೆ. ಡಾಕರ್ ಮೆಮರಿ ನಾಳೆ ನೋಡುತ್ತೇನೆ.