ಪದಚರ್ಚೆ: ಮೈಮೇಲೆ ಹುಲಿಯಂಥ ಗೆರೆ ಇರುವ ನಾಯಿಗೆ ಏನಂತೀರಿ? (ಸಂಜೆಯೊಳಗೆ ಬೇಕು)

ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ಸಂಜೆ 6ಕ್ಕೆ ಫ್ಲೆಕ್ಸ್ ಅಂಗಡಿಗೆ ಮ್ಯಾಟರ್ ಕೊಡಬೇಕು. ನಮ್ಮ ನಾಯಿ ನಿನ್ನೆ ರಾತ್ರಿ ಮದುವೆ ಮೆರವಣಿಗೆಯ ಪಟಾಕಿಗೆ ಬೆದರಿ ಗೇಟು ಹಾರಿ ಹೋಗಿದೆ. ಎರಡು ವರ್ಷದ ಹಿಂದೆ ಗಂಜ್‌ನಲ್ಲಿ ತೊಗರಿ ಚೀಲಗಳ ಸಂದಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿತ್ತು, ಮುಷ್ಟಿಯಷ್ಟು ಮರಿ. ಈಗಲೂ ಓಡುವಾಗ ಹಿಂದಿನ ಬಲಗಾಲು ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಊರುತ್ತದೆ.

ಮೈ ಕಂದು. ಅದರ ಮೇಲೆ ಕಪ್ಪು ಗೆರೆಗಳು. ಬೆನ್ನಿಂದ ಇಳಿದು ಹೊಟ್ಟೆ ಮುಟ್ಟುವ ಮೊದಲೇ ಅಳಿಸಿಹೋದ ಹಾಗಿವೆ. ಹಣೆ ಮೇಲೆ ಬಿಳಿ ಅಡ್ಡಪಟ್ಟಿ, ಎಡಗಡೆ ಸ್ವಲ್ಪ ಸೊಟ್ಟ, ಅವಸರದಲ್ಲಿ ಹಚ್ಚಿಕೊಂಡ ವಿಭೂತಿ ಇದ್ದಂಗೆ. ಲಸಿಕೆ ಕಾರ್ಡಿನಲ್ಲಿ ಡಾಕ್ಟರು ‘ಬ್ರಿಂಡಲ್’ ಎಂದು ಬರೆದಿದ್ದಾರೆ. ಅದು ಆಟೋದವರಿಗೆ ಹೇಗೆ ತಿಳಿಯಬೇಕು? ಮನೆಯಲ್ಲಿ ನಾವು ‘ಕಬರಾ’ ಅಂತೀವಿ. ಅದನ್ನೇ ಹಾಕಲಾ?

ಸೇಡಂನಿಂದ:
ಬೇಡ. ಕಬರಾ ಕನ್ನಡವಲ್ಲ. ‘ಹಂಡ’ ಇದೆಯಲ್ಲ! ಹಂಡಾಕಳು ಎನ್ನುವುದನ್ನೂ ಮರೆತಿರಾ? ಕವಿರಾಜಮಾರ್ಗ ಹುಟ್ಟಿದ ಮಳಖೇಡ ನಮ್ಮ ತಾಲ್ಲೂಕಿನಲ್ಲೇ ಇದೆ. ಬೆರಕೆ ಮಾತು ಕಾಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಎಂದು 9ನೇ ಶತಮಾನದಲ್ಲೇ ಹೇಳಿದ್ದಾರೆ.

ಯಾದಗಿರಿಯಿಂದ:
ಕಬರಾ ಉರ್ದು ಎಂದು ಮೂಗು ಮುರಿಯುವವರಿಗೆ: ಅದರ ಮೂಲ ಸಂಸ್ಕೃತದ ಕರ್ಬುರ. ಅಮರಕೋಶ ಬಣ್ಣಬಣ್ಣ ಬೆರೆತ ಮೈಗೆ ಒಂದೇ ಸಾಲಿನಲ್ಲಿ ಚಿತ್ರ, ಕಿರ್ಮೀರ, ಕಲ್ಮಾಷ, ಶಬಲ, ಏತ, ಕರ್ಬುರ ಎಂದು ಆರು ಪದ ಕೊಡುತ್ತದೆ. ಋಗ್ವೇದದ 10ನೇ ಮಂಡಲ, 14ನೇ ಸೂಕ್ತದಲ್ಲಿ ಯಮನ ಎರಡೂ ನಾಯಿಗಳು ಶಬಲ, ಮೇಲೆ ನಾಲ್ಕು ಕಣ್ಣು ಬೇರೆ. ‘ಶಬಲ ಶ್ವಾನ’ ಎಂದು ಹಾಕಿ, ತೂಕ ಇರುತ್ತದೆ.

ಕಲಬುರಗಿಯಿಂದ:
ಸರ್, ಕಳೆದುಹೋದ ನಾಯಿಗೆ ಯಮನ ನಾಯಿಯ ಹೆಸರು ಇಡಲಾ? ನಾಲ್ಕು ಗಂಟೆ ಆಯಿತು.

ಬೀದರಿನಿಂದ:
ಇಬ್ಬರೂ ನಾಯಿಯನ್ನೇ ನೋಡುತ್ತಿಲ್ಲ. ಹಂಡ, ಕಬರಾ ಎರಡೂ ತೇಪೆ ಹಚ್ಚಿದಂಥ ಬಣ್ಣಕ್ಕೆ. ಅಕ್ಕಾವರು ಹೇಳುತ್ತಿರುವುದು ಗೆರೆ. ‘ಹುಲಿ ಪಟ್ಟಿ’ ಅಂದರೆ ಸಾಕು. ಇನ್ನು ಆ ಮಜ್ಜಿಗೆ ಹನಿ. ಅದು ಸಂಸ್ಕೃತ-ಕನ್ನಡ ಸೇರಿಸಿ ಸಮಾಸ ಮಾಡುವುದರ ಬಗ್ಗೆ. ನಮ್ಮ ಕಡೆಯ ದಖನಿ ಉರ್ದುವಿಗೆ ಅದನ್ನು ಯಾಕೆ ತರುತ್ತೀರಿ? ನೀವು ಕೂತಿರುವ ಕುರ್ಚಿಯೂ ಅರಬ್ಬಿಯಿಂದ ಬಂದದ್ದು. ಎದ್ದು ನಿಂತು ಬರೆಯಿರಿ.

ಸೇಡಂನಿಂದ:
ನಿಂತೇ ಬರೆಯುತ್ತಿದ್ದೇನೆ. ‘ಪಟ್ಟಿ’ಯೂ ಸಂಸ್ಕೃತದ ಪಟ್ಟದಿಂದಲೇ ಬಂದದ್ದು. ಅಚ್ಚ ಕನ್ನಡ ಬೇಕಾದರೆ ‘ಬರೆ’. ಹುಲಿ ನೋಡಿ ನರಿ ಬರೆ ಹಾಕಿಕೊಂಡಿತು ಎಂದು ಗಾದೆಯೇ ಇದೆ. ‘ಹುಲಿಬರೆ ನಾಯಿ’. ಮುಗಿಯಿತು.

ಕಲಬುರಗಿಯಿಂದ:
ಗಾದೆ ಚೆನ್ನಾಗಿದೆ ಸರ್. ಆದರೆ ‘ಬರೆ’ ಅಂತ ಫ್ಲೆಕ್ಸಿನಲ್ಲಿ ಹಾಕಿದರೆ ನಾವೇ ಸುಟ್ಟಿದ್ದೀವಿ ಅಂದ್ಕೋತಾರೆ. ‘ಮೈಮೇಲೆ ಹುಲಿ ಪಟ್ಟಿ, ಹಣೆಗೆ ವಿಭೂತಿ’ ಎಂದು ಬರೆದು, ಫೋಟೊ ದೊಡ್ಡದಾಗಿ ಹಾಕಿಸಿ ಕೊಟ್ಟು ಬಂದೆ.

ಯಾದಗಿರಿಯಿಂದ:
ವಿಭೂತಿ ತತ್ಸಮ. ಸೇಡಂನವರು ಅದಕ್ಕೆ ಸುಮ್ನಿದ್ದಾರಲ್ಲ!

ಕಲಬುರಗಿಯಿಂದ (ಮರುದಿನ ಬೆಳಿಗ್ಗೆ):
ಸಿಕ್ಕಿತು. ಅಪ್ಪನ ಕೆರೆ ಹತ್ತಿರ ಚಹಾದ ಬಂಡಿ ಕೆಳಗೆ ಮಲಗಿತ್ತು. ಕಿವಿಯಲ್ಲಿ ಎರಡು ಉಣ್ಣೆ, ಬೇರೇನೂ ಆಗಿಲ್ಲ. ನನ್ನನ್ನು ನೋಡಿ ಬಾಲ ಅಲ್ಲ, ಇಡೀ ಹಿಂಭಾಗ ಅಲ್ಲಾಡಿಸಿತು. ಫ್ಲೆಕ್ಸ್ ನೋಡಿ ಬಂಡಿಯವರೇ ಫೋನ್ ಮಾಡಿದ್ದರು: “ನಿಮ್ ಕಬರಾ ನಾಯಿ ಇಲ್ಲೇ ಅದ ನೋಡ್ರಿ.”

ಸೇಡಂನಿಂದ:
ಸಿಕ್ಕಿದ್ದು ಸಂತೋಷ. ಪದ ತಪ್ಪು.