ಪಿಜಿ ಡಾಕ್ಟರ್‌ಗಳ ಡ್ಯೂಟಿಗೆ ಲೆಕ್ಕವೇ ಇಲ್ವಾ?

ಬೇಲೂರು ಹುಡುಗ:
ನನ್ನ ತಂಗಿ ಹಾಸನದಲ್ಲಿ ಪಿಜಿ (ಎಂಬಿಬಿಎಸ್ ಆದಮೇಲಿನ ಸ್ನಾತಕೋತ್ತರ ಓದು) ಮೊದಲ ವರ್ಷ. ಭಾನುವಾರ ಬೆಳಿಗ್ಗೆ 8ಕ್ಕೆ ಡ್ಯೂಟಿಗೆ ಹೋದವಳು ಹೊರಗೆ ಬಂದಿದ್ದು ಸೋಮವಾರ ಸಂಜೆ 5ಕ್ಕೆ. ಆಮೇಲೆ ಸ್ಕೂಟರ್ ಓಡಿಸಿಕೊಂಡು ಬೇಲೂರಿಗೆ ಬಂದು, ಅಮ್ಮ ಕೊಟ್ಟ ಅಕ್ಕಿ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದಳು. ಇದಕ್ಕೆ ನಿಯಮ ಏನೂ ಇಲ್ವಾ?

ಕಾಫಿ ತೋಟ:
ಇದೆ. 1992ರ ಕೇಂದ್ರದ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಪಿಜಿಯಂಥ ಡಾಕ್ಟರ್‌ಗಳ) ಆದೇಶದ ಪ್ರಕಾರ ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ ಮೀರಬಾರದು, ಜೂನಿಯರ್‌ಗಳಿಗೆ ವಾರಕ್ಕೆ 48 ಗಂಟೆ, ಸರದಿಯಲ್ಲಿ ವಾರಕ್ಕೊಂದು ರಜೆ. ಎನ್‌ಎಂಸಿಯ, ಅಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ, 2023ರ ಪಿಜಿ ನಿಯಮದಲ್ಲಿ ಮಾತ್ರ ಗಂಟೆಯ ಲೆಕ್ಕ ಇಲ್ಲ, ಕೆಲಸವೂ ವಿಶ್ರಾಂತಿಯೂ ‘ಸಮಂಜಸ’ವಾಗಿರಬೇಕು ಅಂತ ಅಷ್ಟೇ. ಯಾರಿಗೆ ಸಮಂಜಸ ಅಂತ ಕೇಳಬಾರದು!

ಮೂಡಿಗೆರೆ ಡಾಕ್ಟರಮ್ಮ:
ಅಣ್ಣ, ನಿಯಮ ಆಮೇಲೆ, ಮೊದಲು ಆ ಸ್ಕೂಟರ್ ಕೀ ಕಿತ್ತುಕೊಳ್ಳಿ. 17 ಗಂಟೆ ಎಚ್ಚರ ಇದ್ದವರು ರಕ್ತದಲ್ಲಿ ಶೇ. 0.05 ಮದ್ಯ ಇದ್ದವರಷ್ಟು ಮಂಕಾಗುತ್ತಾರೆ ಅಂತ ಪ್ರಯೋಗಗಳಲ್ಲಿ ಕಂಡಿದೆ, ನಮ್ಮಲ್ಲಿ ಗಾಡಿ ಓಡಿಸುವವರಿಗೆ ಮಿತಿ ಶೇ. 0.03. ನಾನೇ ಪಿಜಿ ಮಾಡುವಾಗ ಬೆಳಗಿನ ಜಾವ 4ಕ್ಕೆ ಇಂಜೆಕ್ಷನ್ ಡೋಸ್ ಹತ್ತು ಪಟ್ಟು ಜಾಸ್ತಿ ಬರೆದಿದ್ದೆ. ಸ್ಟಾಫ್ ನರ್ಸ್ ಅಕ್ಕ ನೋಡಿ ‘ಡಾಕ್ಟ್ರೇ, ಮುಖ ತೊಳ್ಕೊಂಡು ಬನ್ನಿ’ ಅಂದರು, ಸದ್ಯ.

ಕಾಫಿ ತೋಟ:
2024ರಲ್ಲಿ ಎನ್‌ಎಂಸಿ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು ಅಂತ ಹೇಳಿತ್ತು, ಆದರೆ ಅದು ಶಿಫಾರಸು. ತಂಗಿಗೆ ದಿನಾ ಡ್ಯೂಟಿ ಗಂಟೆ ಬರೆದಿಡಲು ಹೇಳಿ. ಒಬ್ಬಳೇ ದೂರು ಕೊಡುವುದು ಬೇಡ, ಬ್ಯಾಚ್‌ನವರೆಲ್ಲ ಸೇರಿ ಕೊಡಲಿ.

ಬೇಲೂರು ಹುಡುಗ:
ಕೀ ಈಗ ನನ್ನ ಜೇಬಲ್ಲಿದೆ. ಇನ್ನು ಬಸ್ಸೇ. ಬೈದಳು ಅಷ್ಟೇ.